ಡೌರೊ ಕಣಿವೆ, ಪೋರ್ಟ್ ವೈನು ಮತ್ತು ಅದರ ದ್ರಾಕ್ಷಿ: ಗೊತ್ತಿರೋರು ಹೇಳಿ

ಕಾರವಾರ_ಕಡಲು

ನಮ್ಮ ಕಡೆ ಪೋರ್ಟ್ ವೈನ್ ಅಂದರೆ ಗೋವಾದಿಂದ ಬರುವ ಸಿಹಿ ಬಾಟಲಿ, ಅಷ್ಟೇ. ಅದು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ಸೆಪ್ಟೆಂಬರ್ ಕೊನೆಗೆ ನಾನು, ತಮ್ಮ ಇಬ್ಬರೂ ಪೋರ್ಚುಗಲ್‌ಗೆ ಹೊರಟಿದ್ದೇವೆ. ಪೋರ್ಟೊದಲ್ಲಿ ಮೂರ್ನಾಲ್ಕು ದಿನ ಇರುತ್ತೇವೆ. ಅಸಲಿ ಪೋರ್ಟ್ ಊರಲ್ಲೇ ಸಿಗುತ್ತಾ, ಇಲ್ಲಾ ಡೌರೊ ಕಣಿವೆಗೇ ಹೋಗಬೇಕಾ? ಗೋವಾದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಯಾವ ದ್ರಾಕ್ಷಿ? ಇಂಗ್ಲಿಷಿನಲ್ಲಿ ಓದಿದರೆ ಎಲ್ಲಾ ಕಡೆ ಬರೀ ಜಾಹೀರಾತು. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ತುಂಗಾತೀರ

ಕೆಲಸದ ಮೇಲೆ ಬಂದು ಪೋರ್ಟೊದಲ್ಲೇ ಇದ್ದೇನೆ, ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ಮಾತು. ಪೋರ್ಟೊದಲ್ಲಿ ಒಂದೇ ಒಂದು ದ್ರಾಕ್ಷಿ ತೋಟವೂ ಕಾಣುವುದಿಲ್ಲ. ಡೌರೊ ನದಿಯ ಆಚೆ ದಡದಲ್ಲಿ ವಿಲಾ ನೋವಾ ದೆ ಗಾಯಾ ಅಂತ ಇನ್ನೊಂದು ಊರಿದೆ. ಅಲ್ಲಿ ದೊಡ್ಡ ದೊಡ್ಡ ಗೋದಾಮುಗಳು, ಅದರೊಳಗೆ ಸಾಲುಸಾಲು ಪೀಪಾಯಿ. ಪ್ರವಾಸಿಗಳು ಅಲ್ಲಿಗೆ ಹೋಗಿ ಮೂರು ಪುಟ್ಟ ಗ್ಲಾಸ್ ಕುಡಿದು ಫೋಟೋ ತೆಗೆದು ವಾಪಸ್. ಆದರೆ ವೈನು ಹುಟ್ಟುವುದು ಅಲ್ಲಲ್ಲ. ನದಿಯ ಮೇಲ್ಭಾಗಕ್ಕೆ ಸುಮಾರು ನೂರು ಕಿಲೋಮೀಟರ್ ಹೋಗಬೇಕು, ಮಾರಾವ್ ಬೆಟ್ಟಸಾಲು ದಾಟಿ. ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆ ಮೋಡವನ್ನು ಆ ಬೆಟ್ಟ ತಡೆಯುತ್ತದೆ. ಈಚೆ ಪೋರ್ಟೊದಲ್ಲಿ ಛತ್ರಿ ಬಿಡದ ಮಳೆ, ಆಚೆ ಒಣ ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿನವರೇ ಹೇಳುವ ಗಾದೆ ಇದೆ: ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ.

ಗೋವಾದ್ದಕ್ಕೂ ಇದಕ್ಕೂ ವ್ಯತ್ಯಾಸ ಕೇಳಿದಿರಿ. ಯುರೋಪಿನ ಕಾನೂನಿನ ಪ್ರಕಾರ ಡೌರೊದ ಗಡಿಯೊಳಗೆ ಬೆಳೆದ ದ್ರಾಕ್ಷಿಯಿಂದ ಮಾಡಿದ್ದಕ್ಕೆ ಮಾತ್ರ ಪೋರ್ಟ್ ಅನ್ನಬಹುದು. ನಮ್ಮಲ್ಲಿನ ಸಿಹಿ ವೈನುಗಳಿಗೆ ಬೆಂಗಳೂರು ಬ್ಲೂ ಥರದ ದ್ರಾಕ್ಷಿ ಜಾಸ್ತಿ ಬಳಕೆಯಲ್ಲಿದೆ. ಅದು ಅಮೆರಿಕದ ಲಾಬ್ರುಸ್ಕಾ ಕುಲದ ನೆಂಟ. ಮೂಗಿನ ಹತ್ತಿರ ಹಿಡಿದರೆ ಸಾಕು, ಆ ಘಾಟು ಗೊತ್ತಾಗುತ್ತದೆ. ಹಣ್ಣು ಕೀಳೇನಲ್ಲ, 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಆದರೆ ರುಚಿ ಪೂರ್ತಿ ಬೇರೆ.

ಡೌರೊದಲ್ಲಿ ಸಿಹಿ ಬರುವ ರೀತಿಯೇ ಬೇರೆ. ದ್ರಾಕ್ಷಿ ತುಳಿದು ರಸ ಹುಳಿಯಲು ಬಿಡುತ್ತಾರೆ. ಎರಡು ಮೂರು ದಿನಕ್ಕೆ ಅರ್ಧದಷ್ಟು ಸಕ್ಕರೆ ಮದ್ಯವಾಗುತ್ತದೆ, ಇನ್ನರ್ಧ ಉಳಿದಿರುತ್ತದೆ. ಆಗ ಶೇ. 77 ಮದ್ಯಾಂಶ ಇರುವ ದ್ರಾಕ್ಷಿ ಬ್ರಾಂದಿ ಸುರಿಯುತ್ತಾರೆ. ಯೀಸ್ಟ್ ಸತ್ತುಹೋಗುತ್ತದೆ, ಸಕ್ಕರೆ ಇದ್ದಲ್ಲೇ ಉಳಿಯುತ್ತದೆ. ಹಳೆಯ ಲೆಕ್ಕ 435 ಲೀಟರ್ ರಸಕ್ಕೆ 115 ಲೀಟರ್ ಬ್ರಾಂದಿ, ಒಟ್ಟು 550 ಲೀಟರ್, ಅಂದರೆ ಒಂದು ಪೀಪಾಯಿ. ಕೊನೆಗೆ ಮದ್ಯಾಂಶ ಶೇ. 20ರ ಆಸುಪಾಸು. ಆ ಸಿಹಿ ಹಣ್ಣಿನದೇ, ಮೇಲಿಂದ ಹಾಕಿದ ಸಕ್ಕರೆಯದಲ್ಲ. ಸಿಹಿ ಅಂತ ಶರಬತ್ತಿನ ಥರ ಕುಡಿದರೆ ಮಾತ್ರ ಎದ್ದು ನಿಲ್ಲುವಾಗ ತಿಳಿಯುತ್ತದೆ!

ಹಾಗಾಗಿ ನನ್ನ ಸಲಹೆ: ಗಾಯಾಗೆ ಅರ್ಧ ದಿನ ಸಾಕು. ಪಿನ್ಯಾವ್ ಅನ್ನುವ ಊರಿಗೆ ಹೋಗಿ, ಒಂದು ರಾತ್ರಿಯಾದರೂ ಉಳಿಯಿರಿ.

ಹಳೇ_ಬಾಟಲಿ

ಚೆನ್ನಾಗಿ ಹೇಳಿದಿರಿ. ಇದಕ್ಕೆ ಸ್ವಲ್ಪ ಇತಿಹಾಸ ಸೇರಿಸುತ್ತೇನೆ, ಯಾಕಂದರೆ ಎಲ್ಲಾ ಕೈಪಿಡಿಗಳೂ ‘ಜಗತ್ತಿನ ಅತಿ ಹಳೆಯ ಗಡಿ ಗುರುತಿಸಿದ ವೈನ್ ಪ್ರದೇಶ’ ಅಂತ ಒಂದೇ ರಾಗ ಹಾಡುತ್ತವೆ. ಇಟಲಿಯ ಕಿಯಾಂತಿಗೆ 1716ರಲ್ಲೇ ಗಡಿ ಹಾಕಿದ್ದರು. ಹಂಗೇರಿಯ ತೊಕಾಯ್‌ಗೆ 1737ರಲ್ಲಿ. ಡೌರೊದ್ದು 1756. ಇವರು ಮೂರನೆಯವರು.

ಆದರೆ ಪೊಂಬಾಲ್ ಮಾಡಿದ ಕೆಲಸ ಬೇರೆ ಮಟ್ಟದ್ದು. 1755ರ ಭೂಕಂಪದಲ್ಲಿ ಲಿಸ್ಬನ್ ನೆಲಸಮ ಆದಾಗ ಊರು ಮತ್ತೆ ಕಟ್ಟಿಸಿದ ಮಂತ್ರಿ ಇವನೇ. ಇಂಗ್ಲೆಂಡು, ಪೋರ್ಚುಗಲ್ ನಡುವಿನ 1703ರ ಮೆಥುವೆನ್ ವ್ಯಾಪಾರ ಒಪ್ಪಂದದ ನಂತರ ಇಂಗ್ಲೆಂಡಿನಲ್ಲಿ ಪೋರ್ಚುಗಲ್ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೇ ಒಂದು ಭಾಗ ಸುಂಕ ಕಡಿಮೆ. ವ್ಯಾಪಾರ ಜೋರಾಯಿತು. ವ್ಯಾಪಾರ ಜೋರಾದರೆ ಕಲಬೆರಕೆಯೂ ಜೋರು, ಅಲ್ವಾ? ಬಣ್ಣ ಬರಲಿ ಅಂತ ಎಲ್ಡರ್‌ಬೆರಿ ಹಣ್ಣಿನ ರಸ ಹಾಕುತ್ತಿದ್ದರು. ಬೆಲೆ ಬಿದ್ದುಹೋಯಿತು. ಪೊಂಬಾಲ್ ಒಂದು ಕಂಪನಿ ಮಾಡಿದ, ಬೆಲೆ ಕಟ್ಟಿದ, ಗಡಿಗೆ ಗ್ರಾನೈಟ್ ಕಂಬ ನೆಡಿಸಿದ, ಒಟ್ಟು 335 ಕಂಬ. ಕಣಿವೆಯ ಎಲ್ಡರ್‌ಬೆರಿ ಗಿಡಗಳನ್ನೆಲ್ಲ ಕಿತ್ತು ಹಾಕಿ ಅಂತ ಅಪ್ಪಣೆಯೂ ಆಯಿತು. ಗಡಿ, ಬೆಲೆ, ಗುಣಮಟ್ಟದ ತಪಾಸಣೆ ಮೂರೂ ಒಟ್ಟಿಗೆ ಬಂದದ್ದು ಇಲ್ಲಿ, ಅದೇ ದೊಡ್ಡ ವಿಷಯ. ಜನಕ್ಕೆ ಇದು ಇಷ್ಟವಾಯಿತು ಅಂತಲ್ಲ. 1757ರಲ್ಲಿ ಪೋರ್ಟೊದಲ್ಲಿ ಕಂಪನಿ ವಿರುದ್ಧ ದಂಗೆ ಆಯಿತು, ಹಲವರನ್ನು ನೇಣಿಗೆ ಹಾಕಿದರು.

ಕೆಲವು ಕಂಬ ಈಗಲೂ ತೋಟಗಳ ನಡುವೆ ನಿಂತಿವೆ. ಮೇಲೆ ‘ಫೈತೊರಿಯಾ’ ಅನ್ನುವ ಕೆತ್ತನೆ ಇರುತ್ತದೆ, ಕಂಡರೆ ನಿಂತು ನೋಡಿ.

ಪಡದ_ರೈತ

ನಾನು ವಿಜಯಪುರದ ಕಡೆಯವನು. ನಮ್ಮದು ಒಣದ್ರಾಕ್ಷಿ ಮಾಡುವ ಪಡ, ಅಂದರೆ ದ್ರಾಕ್ಷಿ ತೋಟ. ವೈನ್ ಕುಡಿಯುವುದರಲ್ಲಿ ಆಸಕ್ತಿ ಇಲ್ಲ, ಬೆಳೆ ಬಗ್ಗೆ ಕೇಳಬೇಕು. ಫೋಟೋ ನೋಡಿದರೆ ಬೆಟ್ಟದ ಮೇಲೆ ಬರೀ ಕಲ್ಲು ಕಾಣುತ್ತದೆ, ಮಣ್ಣೇ ಇಲ್ಲ. ಹನಿ ನೀರಾವರಿಯೂ ಕಾಣುವುದಿಲ್ಲ. ನಾವು ಇಲ್ಲಿ ವರ್ಷಕ್ಕೆ ಎರಡು ಸಲ ಸವರುತ್ತೇವೆ, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಅಲ್ಲಿ ಹೇಗೆ? ಕಸಿಗೆ ಬೇರು ಯಾವುದು?

ತುಂಗಾತೀರ

ಸರ್, ನೀವು ಕೇಳಿದ್ದೇ ಮುಖ್ಯವಾದ ಪ್ರಶ್ನೆ.

ನಮ್ಮ ಕಡೆ ಚಳಿ ಕಡಿಮೆ, ಬಳ್ಳಿ ನಿದ್ದೆಗೆ ಹೋಗುವುದೇ ಇಲ್ಲ, ಅದಕ್ಕೆ ಎರಡು ಸಲ ಸವರಬೇಕು. ಡೌರೊದಲ್ಲಿ ಚಳಿಗೆ ಎಲೆ ಪೂರ್ತಿ ಉದುರುತ್ತದೆ. ಚಳಿಗಾಲದಲ್ಲಿ ಒಮ್ಮೆ ಸವರಿದರೆ ಮುಗಿಯಿತು. ಮಾರ್ಚ್ ಹೊತ್ತಿಗೆ ಚಿಗುರು, ಸೆಪ್ಟೆಂಬರ್‌ನಲ್ಲಿ ಕೊಯ್ಲು.

ಮಣ್ಣಿನ ವಿಷಯ. ಅದು ಶಿಸ್ಟ್ ಅನ್ನುವ ಪದರ ಪದರದ ಕಲ್ಲು. ಕೈಯಲ್ಲಿ ಹಿಡಿದು ಅದುಮಿದರೆ ಹಾಳೆ ಹಾಳೆಯಾಗಿ ಬಿಡುತ್ತದೆ, ಬೆರಳಿಗೆ ಬೂದು ಬಣ್ಣದ ಹೊಳೆಯುವ ಪುಡಿ ಅಂಟುತ್ತದೆ. ಪದರಗಳು ಹಲವು ಕಡೆ ಮಲಗಿಲ್ಲ, ನಿಂತಿವೆ. ಮಳೆ ನೀರು ಆ ಸಂದಿಯಲ್ಲಿ ಕೆಳಗೆ ಇಳಿಯುತ್ತದೆ, ಬೇರೂ ಅದೇ ದಾರಿ ಹಿಡಿದು ಮೀಟರುಗಟ್ಟಲೆ ಕೆಳಗೆ ಹೋಗುತ್ತದೆ. ಹಳೆಯ ತೋಟಗಳಿಗೆ ಯಾರೂ ನೀರು ಹಾಯಿಸುವುದಿಲ್ಲ. ಕಲ್ಲು ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುತ್ತದೆ. ಇಳುವರಿ ನೋಡಿದರೆ ನೀವು ನಗುತ್ತೀರಿ, ಅಷ್ಟು ಕಡಿಮೆ.

ಇಳಿಜಾರಿನಲ್ಲಿ ಗಾರೆ ಇಲ್ಲದ ಕಲ್ಲು ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲು ಮಾಡಿದ್ದಾರೆ. ಗೋಡೆ ಕಟ್ಟಿದವರು ಹೆಚ್ಚಿನವರು ಬಡ ಕೂಲಿಗಳು, ಸ್ಪೇನಿನ ಗಲೀಸಿಯಾದಿಂದ ಬಂದವರೂ ಬಹಳ. ಕಲ್ಲನ್ನು ಒಡೆದು ಪುಡಿ ಮಾಡಿ ಮಣ್ಣನ್ನು ಇವರೇ ‘ತಯಾರಿಸಿದರು’ ಅಂದರೂ ತಪ್ಪಿಲ್ಲ. 1970ರ ದಶಕದಿಂದ ಬುಲ್‌ಡೋಜರ್ ಬಂತು, ಗೋಡೆ ಇಲ್ಲದ ಅಗಲ ಮಣ್ಣಿನ ಮೆಟ್ಟಿಲು ಶುರುವಾಯಿತು. ಇನ್ನು ಕೆಲವು ಕಡೆ ಬೆಟ್ಟದ ಬುಡದಿಂದ ತುದಿಗೆ ನೇರ ಸಾಲು ಹೊಡೆದಿದ್ದಾರೆ. ಒಂದೇ ಬೆಟ್ಟದಲ್ಲಿ ಮೂರು ಕಾಲದ ಬೇಸಾಯ ಪಕ್ಕಪಕ್ಕ ಕಾಣುತ್ತದೆ. ಯುನೆಸ್ಕೊ 2001ರಲ್ಲಿ ಇಲ್ಲಿನ ಸುಮಾರು 24,600 ಹೆಕ್ಟೇರನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಬೇರು: 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನುವ ಹೇನು ಬೇರು ತಿಂದು ಕಣಿವೆಯನ್ನೇ ಬರಿದು ಮಾಡಿತು. ಪರಿಹಾರವೂ ಅಮೆರಿಕದಿಂದಲೇ, ಅಲ್ಲಿನ ಬೇರಿಗೆ ಇಲ್ಲಿನ ಕಡ್ಡಿ ಕಸಿ. ನೀವು ಡಾಗ್ ರಿಡ್ಜ್ ಬೇರಿಗೆ ಕಸಿ ಮಾಡುತ್ತೀರಲ್ಲ, ಅದೂ ಅಮೆರಿಕದ್ದೇ. ನಿಮ್ಮದು ಬರ ಮತ್ತು ಉಪ್ಪು ನೀರಿಗೆ, ಇವರದು ಹೇನಿಗೆ. ಆಗ ಕೈಬಿಟ್ಟ ಮೆಟ್ಟಿಲುಗಳು ಈಗಲೂ ಹಾಗೇ ಇವೆ. ಅವುಗಳಿಗೆ ‘ಮೊರ್ತೊರಿಯೊ’ ಅನ್ನುತ್ತಾರೆ. ಕೆಲವದರಲ್ಲಿ ಆಲಿವ್ ಮರ, ಉಳಿದದ್ದರಲ್ಲಿ ಪೊದೆ.

ಕುಕ್ಕರಹಳ್ಳಿ_ವಾಕರ್

ದ್ರಾಕ್ಷಿ ಹೆಸರು ಇನ್ನೂ ಯಾರೂ ಹೇಳಲಿಲ್ಲ 🙂 ಕಾಯ್ತಾ ಇದ್ದೇನೆ.

ಹಳೇ_ಬಾಟಲಿ

ನಾನು ಹೇಳುತ್ತೇನೆ. ಕಾನೂನು ಒಪ್ಪಿದ ತಳಿಗಳೇ ನೂರಕ್ಕೂ ಹೆಚ್ಚು. ಹಳೆಯ ತೋಟದಲ್ಲಿ ಎಲ್ಲವನ್ನೂ ಕಲಸಿ ನೆಟ್ಟಿರುತ್ತಾರೆ. ಒಂದೇ ಸಾಲಿನಲ್ಲಿ ಹತ್ತು ಥರ ಬಳ್ಳಿ, ಒಟ್ಟಿಗೆ ಕೊಯ್ಲು, ಒಟ್ಟಿಗೆ ತುಳಿತ. ಬಹಳ ಕಾಲ ರೈತನಿಗೂ ತನ್ನ ತೋಟದಲ್ಲಿ ಏನಿದೆ ಅಂತ ಪೂರ್ತಿ ಲೆಕ್ಕ ಇರಲಿಲ್ಲ. 1970ರ ದಶಕದಲ್ಲಿ ಜುಜೆ ಆಂಟೋನಿಯೊ ರೋಸಾಸ್ ಮತ್ತು ಜುವಾವ್ ನಿಕೊಲಾವ್ ದೆ ಅಲ್ಮೈಡಾ ತಳಿಗಳನ್ನು ಬೇರೆ ಬೇರೆ ಮಾಡಿ ಪರೀಕ್ಷೆ ನಡೆಸಿದರು. 1981ರಲ್ಲಿ ಐದನ್ನು ಆರಿಸಿ ಇವನ್ನು ನೆಡಿ ಅಂದರು. ತೊರೀಗಾ ನಾಸಿಯೊನಾಲ್, ತೊರೀಗಾ ಫ್ರಾಂಕಾ, ಟಿಂಟಾ ರೊರೀಜ್, ಟಿಂಟಾ ಬರೋಕಾ, ಟಿಂಟೊ ಕಾವ್.

ತೊರೀಗಾ ನಾಸಿಯೊನಾಲ್ ರಾಣಿ. ಕಾಳು ಮೆಣಸಿಗಿಂತ ಸ್ವಲ್ಪ ದೊಡ್ಡದು ಅನ್ನುವಷ್ಟು ಚಿಕ್ಕ ಹಣ್ಣು, ದಪ್ಪ ಸಿಪ್ಪೆ, ಅದಕ್ಕೇ ಕಡು ಬಣ್ಣ, ಒಗರು, ವಯೊಲೆಟ್ ಹೂವಿನಂಥ ಪರಿಮಳ. ಇಳುವರಿ ತೀರಾ ಕಡಿಮೆ ಅಂತ ರೈತರು ಕೈಬಿಟ್ಟಿದ್ದರು, ಅಳಿದೇ ಹೋಗುವ ಹಂತಕ್ಕೆ ಬಂದಿತ್ತು. ಈಗ ನೋಡಿ, ಬಿಸಿಲು ಜಾಸ್ತಿ ಆಗುತ್ತಿದೆ ಅಂತ ಫ್ರಾನ್ಸಿನ ಬೋರ್ಡೊದವರೇ 2021ರಲ್ಲಿ ಇದನ್ನು ನೆಡಲು ಒಪ್ಪಿಗೆ ಕೊಟ್ಟಿದ್ದಾರೆ.

ಆದರೆ ಕಣಿವೆಯಲ್ಲಿ ಹೆಚ್ಚು ಬೆಳೆಯುವುದು ತೊರೀಗಾ ಫ್ರಾಂಕಾ. ಎಂಥ ಬಿಸಿಲಿಗೂ ಜಗ್ಗುವುದಿಲ್ಲ, ತಡವಾಗಿ ಹಣ್ಣಾಗುತ್ತದೆ. ಹೆಸರು ಮಾತ್ರ ನಾಸಿಯೊನಾಲ್‌ಗೆ, ದುಡಿತ ಇದರದು. ಟಿಂಟಾ ರೊರೀಜ್ ಅಂದರೆ ಸ್ಪೇನಿನ ಟೆಂಪ್ರಾನಿಯೊ. ಬರೋಕಾಗೆ ಬಿಸಿ ಆಗಿಬರುವುದಿಲ್ಲ, ಒಣದ್ರಾಕ್ಷಿಯ ಹಾಗೆ ಮುರುಟುತ್ತದೆ, ಅದಕ್ಕೆ ತಂಪು ಇಳಿಜಾರು ಬೇಕು. ಸೊಜಾವ್ ಅಂತ ಇನ್ನೊಂದಿದೆ, ಬಣ್ಣಕ್ಕೂ ಹುಳಿಗೂ ಅದೇ. ಬಿಳಿಯದರಲ್ಲಿ ರಬಿಗಾಟೊ, ವಿಯೊಸಿನ್ಯೊ, ಗೊವೈಯೊ.

ಇನ್ನೊಂದು ಮಾತು, ಜಗಳ ಆದರೂ ಪರವಾಗಿಲ್ಲ. ಇಷ್ಟು ಒಳ್ಳೆಯ ಹಣ್ಣಿಗೆ ಬ್ರಾಂದಿ ಸುರಿಯುವುದು ಯಾಕೆ? 1952ರಲ್ಲಿ ಬಾರ್ಕಾ ವೆಲ್ಯಾ ಅನ್ನುವ ಬ್ರಾಂದಿ ಹಾಕದ ಕೆಂಪು ವೈನ್ ಇಲ್ಲೇ ಮಾಡಿದರು, ಇವತ್ತು ಪೋರ್ಚುಗಲ್‌ನ ಅತಿ ಹೆಸರುವಾಸಿ ವೈನ್ ಅದು. ನನ್ನ ಕೇಳಿದರೆ ಡೌರೊದ ಮುಂದಿನ ದಾರಿ ಸಿಹಿ ಇಲ್ಲದ ವೈನು. ಬ್ಯಾರನ್ ಫಾರೆಸ್ಟರ್ ಅನ್ನುವ ಬ್ರಿಟಿಷ್ ವೈನ್ ವ್ಯಾಪಾರಿ 1840ರ ದಶಕದಲ್ಲೇ ಬ್ರಾಂದಿ ಬೇಡ ಅಂತ ಬರೆದಿದ್ದ, ಯಾರೂ ಕೇಳಲಿಲ್ಲ.

ತುಂಗಾತೀರ

ಒಪ್ಪುವುದಿಲ್ಲ ಗುರು. ಬಿಸಿಲಿನ ಊರುಗಳಲ್ಲಿ ಒಳ್ಳೆಯ ಕೆಂಪು ವೈನ್ ಬೇಕಾದಷ್ಟು ಇದೆ. ಇಪ್ಪತ್ತು ವರ್ಷ ಪೀಪಾಯಿಯಲ್ಲಿ ಕೂತ ಟಾನಿ ಪೋರ್ಟ್ ಬೇರೆಲ್ಲಿ ಸಿಗುತ್ತದೆ? ಫಾರೆಸ್ಟರ್ ನದಿಯ ಒಳ್ಳೆಯ ನಕ್ಷೆ ಮಾಡಿದ, ಅದಕ್ಕೆ ಕೈ ಮುಗಿಯುತ್ತೇನೆ. ವೈನಿನ ವಿಷಯದಲ್ಲಿ ಮಾರುಕಟ್ಟೆ ಅವನ ಮಾತು ಕೇಳದೇ ಇದ್ದದ್ದು ಒಳ್ಳೆಯದಾಯಿತು.

ಅವನು ಸತ್ತದ್ದೂ ಅದೇ ನದಿಯಲ್ಲಿ. 1861ರಲ್ಲಿ ವಲೈರಾ ಅನ್ನುವ ಸುಳಿಯಲ್ಲಿ ದೋಣಿ ಮಗುಚಿತು. ಜೊತೆಗೆ ದೋನಾ ಆಂಟೋನಿಯಾ ಫೆರೈರಾ ಇದ್ದರು. ಗಂಡ ಸತ್ತ ಮೇಲೆ ಇಡೀ ವ್ಯವಹಾರ ಕೈಗೆ ತೆಗೆದುಕೊಂಡು ಕಣಿವೆಯ ದೊಡ್ಡ ಜಮೀನ್ದಾರಳಾದ ಹೆಂಗಸು. ಆಕೆ ಬದುಕಿದಳು. ಆಕೆಯ ದೊಡ್ಡ ಉಬ್ಬು ಲಂಗ ತೇಲಿಸಿತು, ಅವನ ಸೊಂಟದ ಹಣದ ಪಟ್ಟಿ ಅವನನ್ನು ಮುಳುಗಿಸಿತು ಅಂತ ಜನ ಹೇಳುತ್ತಾರೆ. ಕಥೆ ಇರಬಹುದು, ಆದರೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಆಗ ಪೀಪಾಯಿಗಳು ರಬೇಲೊ ಅನ್ನುವ ಚಪ್ಪಟೆ ತಳದ ದೋಣಿಯಲ್ಲಿ ಆ ಸುಳಿಗಳನ್ನು ದಾಟಿಯೇ ಗಾಯಾಗೆ ಇಳಿಯಬೇಕಿತ್ತು. ಈಗ ಅಣೆಕಟ್ಟು ಕಟ್ಟಿ ನದಿ ಕೆರೆಯಾಗಿದೆ. ವೈನು ಟ್ಯಾಂಕರ್ ಲಾರಿಯಲ್ಲಿ ಬರುತ್ತದೆ. ಗಾಯಾ ದಡದ ರಬೇಲೊಗಳು ಕಂಪನಿಗಳ ಬೋರ್ಡ್ ಹೊತ್ತು ಸುಮ್ನೆ ನಿಂತಿವೆ.

ಪಡದ_ರೈತ

ರೈತನಿಗೆ ಎಷ್ಟು ಸಿಗುತ್ತದೆ? ಅದನ್ನು ಯಾರೂ ಹೇಳುತ್ತಿಲ್ಲ.

ತುಂಗಾತೀರ

ಬೆಲೆ ಕೇಳಿದರೆ ಅವರೂ ನಿಮ್ಮ ಹಾಗೇ ಬೈಯುತ್ತಾರೆ ಸರ್.

ಅಲ್ಲಿನ ಪದ್ಧತಿ ಹೀಗೆ. ಪ್ರತಿ ತೋಟಕ್ಕೂ ಅಂಕ ಇದೆ, 1940ರ ದಶಕದಿಂದ. ಎತ್ತರ, ಇಳಿಜಾರು, ದಿಕ್ಕು, ಮಣ್ಣು, ತಳಿ, ಬಳ್ಳಿಯ ವಯಸ್ಸು, ಎಲ್ಲಕ್ಕೂ ಅಂಕ ಹಾಕಿ ದರ್ಜೆ ಕೊಡುತ್ತಾರೆ. ದರ್ಜೆ ನೋಡಿ ಈ ವರ್ಷ ನಿನ್ನ ಹಣ್ಣಿನಲ್ಲಿ ಇಷ್ಟು ಪೋರ್ಟ್‌ಗೆ ಹೋಗಬಹುದು ಅಂತ ಚೀಟಿ. ‘ಬೆನೆಫಿಸಿಯೊ’ ಅಂತ ಹೆಸರು. ಚೀಟಿ ಇರುವ ಹಣ್ಣಿಗೆ ಒಳ್ಳೆಯ ಬೆಲೆ, ಮಿಕ್ಕಿದ್ದಕ್ಕೆ ಬಹಳ ಕಡಿಮೆ. ಜಗತ್ತಿನಲ್ಲಿ ಪೋರ್ಟ್ ಕುಡಿಯುವವರು ಕಮ್ಮಿಯಾಗುತ್ತಿದ್ದಾರೆ, ಅದಕ್ಕೆ ಚೀಟಿಯೂ ಕಮ್ಮಿ. ಇಡೀ ಕಣಿವೆಗೆ 2023ರಲ್ಲಿ 1,04,000 ಪೀಪಾಯಿ ಇದ್ದದ್ದು 2024ಕ್ಕೆ 90,000, 2025ಕ್ಕೆ 75,000. ಸಣ್ಣ ಹಿಡುವಳಿಯವರು ಬೀದಿಗಿಳಿದು ಪ್ರತಿಭಟನೆ ಮಾಡಿದರು. ಯಂತ್ರ ಹತ್ತದ ಇಳಿಜಾರು, ಪ್ರತಿ ಗೊನೆಯೂ ಕೈಯಿಂದಲೇ ಕೊಯ್ಯಬೇಕು, ಕೂಲಿಗೆ ಜನ ಇಲ್ಲ, ಮಕ್ಕಳು ಲಿಸ್ಬನ್ನಿಗೋ ಫ್ರಾನ್ಸಿಗೋ ಹೋಗಿದ್ದಾರೆ. ಈಗ ಕೊಯ್ಲಿನ ಸಾಲುಗಳಲ್ಲಿ ನೇಪಾಳದವರು, ಪಂಜಾಬಿನವರೂ ಕಾಣುತ್ತಾರೆ.

ಪಡದ_ರೈತ

ಎಲ್ಲಾ ಕಡೆ ಇದೇ ಹಣೆಬರಹ. ಚೀಟಿ ಪದ್ಧತಿ ಕೆಟ್ಟದೇನಲ್ಲ ಅನ್ನಿಸುತ್ತದೆ, ಕೊನೆಪಕ್ಷ ಕೊಯ್ಲಿಗೆ ಮೊದಲೇ ಎಷ್ಟು ಹೋಗುತ್ತದೆ ಅಂತ ಗೊತ್ತಿರುತ್ತದಲ್ಲ. ನಮಗೆ ಶೆಡ್‌ನಲ್ಲಿ ಒಣಗಿಸಿ, ಕೋಲ್ಡ್ ಸ್ಟೋರೇಜ್‌ಗೆ ಹಾಕಿದ ಮೇಲೂ ರೇಟು ಗೊತ್ತಿರುವುದಿಲ್ಲ.

ಸಸ್ಯಾಹಾರಿ_ಸಂಚಾರಿ

ನಾನು ಹೋದ ವರ್ಷ ಹೋಗಿದ್ದೆ, ಎರಡು ಉಪಯೋಗದ ಮಾತು. ಪೋರ್ಟೊದಿಂದ ರೈಲು ಹಿಡಿಯಿರಿ, ಕಾರು ಬೇಡ. ಬಲಗಡೆ ಕಿಟಕಿ ಸೀಟು. ಮೊದಲ ಒಂದು ಗಂಟೆ ಏನೂ ಇಲ್ಲ, ಆಮೇಲೆ ಹಳಿ ನದಿಗೆ ತಾಗಿಕೊಂಡೇ ಓಡುತ್ತದೆ. ಪಿನ್ಯಾವ್‌ಗೆ ಎರಡೂವರೆ ಗಂಟೆ ಹತ್ತಿರ. ಆ ಸ್ಟೇಷನ್ ಗೋಡೆಯ ತುಂಬಾ ನೀಲಿ ಹೆಂಚಿನ ಚಿತ್ರ, 1937ರದ್ದು. ದ್ರಾಕ್ಷಿ ಕೊಯ್ಲು, ಬುಟ್ಟಿ ಹೊತ್ತವರು, ರಬೇಲೊ ದೋಣಿ ಎಲ್ಲ ಇದೆ. ಟೈಮ್ ಇದ್ದರೆ ರೈಲಿನ ಕೊನೆ ಸ್ಟೇಷನ್ ಪೊಸಿನ್ಯೊ ತನಕ ಹೋಗಿ, ಪಿನ್ಯಾವ್ ದಾಟಿದ ಮೇಲಿನ ದಾರಿಯೇ ಇನ್ನೂ ಚೆನ್ನ.

ಊಟ: ಬ್ರೆಡ್ಡು, ಆಲಿವ್, ಬಾದಾಮಿ, ಚೀಸು ಎಲ್ಲಾ ಕಡೆ ಸಿಗುತ್ತದೆ. ಕಾಲ್ದೊ ವೆರ್ದೆ ಅಂತ ಸೊಪ್ಪು ಆಲೂಗಡ್ಡೆ ಸೂಪು ಇದೆ, ಅದರಲ್ಲಿ ಮಾಂಸದ ಚೂರು ಹಾಕುತ್ತಾರೆ, ಕೇಳಿಯೇ ತಗೊಳ್ಳಿ. ಒಂದು ಕಡೆ ‘ತರಕಾರಿ ಮಾತ್ರ’ ಅಂತ ಎರಡು ಸಲ ಹೇಳಿದರೂ ಮೀನು ಬಂತು.

ಕಾರವಾರ_ಕಡಲು

ಮೀನು ಬಂದರೆ ನಮಗೆ ಸಂತೋಷವೇ 😄 ದ್ರಾಕ್ಷಿ ತುಳಿಯುವುದು ನೋಡಲು ಸಿಗುತ್ತಾ? ಅಥವಾ ಅದೂ ಪ್ರವಾಸಿಗಳಿಗೆ ನಾಟಕವಾ?

ತುಂಗಾತೀರ

ಎರಡೂ ಇದೆ. ಹೆಚ್ಚಿನ ವೈನು ಈಗ ಯಂತ್ರದಲ್ಲೇ ಆಗುತ್ತದೆ, ಕಾಲಿನ ಒತ್ತಡವನ್ನೇ ಅನುಕರಿಸುವ ಯಂತ್ರಗಳೂ ಬಂದಿವೆ. ಆದರೆ ಒಳ್ಳೆಯ ವಿಂಟೇಜ್ ಪೋರ್ಟ್‌ಗೆ ಹಣ್ಣು ಕಾಲಿನಲ್ಲೇ ತುಳಿಯುವ ಮನೆಗಳು ಇನ್ನೂ ಇವೆ. ಕಾಲು ಸಿಪ್ಪೆಯನ್ನು ಹಿಂಡುತ್ತದೆ, ಬೀಜ ಒಡೆಯುವುದಿಲ್ಲ. ಬೀಜ ಒಡೆದರೆ ಕಹಿ.

ಲಗಾರ್ ಅಂತ ಗ್ರಾನೈಟ್ ತೊಟ್ಟಿ, ತೊಡೆ ಮಟ್ಟಕ್ಕೆ ಹಣ್ಣು. ಸಂಜೆ ಊಟ ಆದ ಮೇಲೆ ಶುರು. ಮೊದಲು ಹೆಗಲ ಮೇಲೆ ಕೈ ಹಾಕಿ ಸಾಲಾಗಿ ನಿಲ್ಲುತ್ತಾರೆ. ಒಬ್ಬ ಎಡ, ಬಲ ಅಂತ ಕೂಗುತ್ತಾನೆ, ಸಾಲು ಅಂಗುಲ ಅಂಗುಲವಾಗಿ ಮುಂದೆ ಸಾಗುತ್ತದೆ. ಯಾರೂ ಮಾತಾಡುವುದಿಲ್ಲ, ಬರೀ ಪಚ್ ಪಚ್ ಸದ್ದು. ಮೊದಲ ಕಾಲಿಟ್ಟಾಗ ತಣ್ಣಗೆ, ದಂಟು ಚುಚ್ಚುತ್ತದೆ. ಇದು ಎರಡು ಗಂಟೆ. ಆಮೇಲೆ ‘ಲಿಬರ್ದಾದೆ’ ಅಂತ ಕೂಗು, ಅಕಾರ್ಡಿಯನ್ ಶುರು, ಇನ್ನು ಹೇಗೆ ಬೇಕಾದರೂ ಕುಣಿಯಿರಿ. ಕಾಲಿನ ಬಣ್ಣ ವಾರವಾದರೂ ಹೋಗುವುದಿಲ್ಲ, ಉಗುರಿನ ಸಂದಿಯದಂತೂ ಇನ್ನೂ ತಡ. ನೀವು ಸೆಪ್ಟೆಂಬರ್ ಕೊನೆಗೆ ಬರುತ್ತೀರಲ್ಲ, ಸರಿಯಾದ ಹೊತ್ತು. ಮೊದಲೇ ಇ-ಮೇಲ್ ಮಾಡಿ ಕೇಳಿ.

ಕುಕ್ಕರಹಳ್ಳಿ_ವಾಕರ್

ಬಾಟಲಿ ಯಾವುದು ತರಬೇಕು? ಅಂಗಡಿಯಲ್ಲಿ ರೂಬಿ, ಟಾನಿ, ಎಲ್‌ಬಿವಿ, ವಿಂಟೇಜ್, ಕೊಲೈಟಾ ಅಂತೆಲ್ಲ ನೋಡಿ ತಲೆ ಕೆಟ್ಟಿತ್ತು.

ತುಂಗಾತೀರ

ಎರಡು ಮನೆತನ ಅಂದುಕೊಳ್ಳಿ. ಒಂದು ಬಾಟಲಿಯೊಳಗೆ ವಯಸ್ಸಾಗುವುದು, ಇನ್ನೊಂದು ಪೀಪಾಯಿಯಲ್ಲಿ.

ರೂಬಿ ಎಳೆಯದು, ಕೆಂಪು, ಅಗ್ಗ. ವಿಂಟೇಜ್ ಒಂದೇ ವರ್ಷದ ಆಯ್ದ ಹಣ್ಣಿನದು, ಎರಡು ಮೂರು ವರ್ಷ ಪೀಪಾಯಿಯಲ್ಲಿಟ್ಟು ಬಾಟಲಿಗೆ ಹಾಕಿಬಿಡುತ್ತಾರೆ, ಆಮೇಲೆ ದಶಕಗಟ್ಟಲೆ ಕಾಯಬೇಕು. ಎಲ್ಲಾ ವರ್ಷ ಮಾಡುವುದಿಲ್ಲ. 2011, 2016, 2017 ಹೆಸರು ಮಾಡಿದ ವರ್ಷಗಳು. ತೆರೆದ ಮೇಲೆ ಒಂದೆರಡು ದಿನದಲ್ಲಿ ಮುಗಿಸಬೇಕು, ತಳದಲ್ಲಿ ಗಷ್ಟು ಇರುತ್ತದೆ, ಸೋಸಿ ಬಡಿಸಬೇಕು. ಎಲ್‌ಬಿವಿ, ಅಂದರೆ ಲೇಟ್ ಬಾಟಲ್ಡ್ ವಿಂಟೇಜ್, ನಾಲ್ಕರಿಂದ ಆರು ವರ್ಷ ಪೀಪಾಯಿಯಲ್ಲಿ ಕೂತದ್ದು, ಕಾಯುವ ತಾಳ್ಮೆ ಇಲ್ಲದವರಿಗೆ.

ಟಾನಿ ಪೀಪಾಯಿಯಲ್ಲೇ ಕೂತು ಕೂತು ಕೆಂಪು ಹೋಗಿ ಕಂದು ಆಗುತ್ತದೆ. 10, 20, 30, 40 ಅಂತ ಬರೆದಿರುತ್ತದೆ. ಅದು ಹಲವು ವರ್ಷದ ಮಿಶ್ರಣ, ಆ ವಯಸ್ಸಿನ ರುಚಿ ಬರಬೇಕು ಅಂತ ಲೆಕ್ಕ. ಕೊಲೈಟಾ ಅಂದರೆ ಒಂದೇ ವರ್ಷದ ಟಾನಿ, ಕಡೇಪಕ್ಷ ಏಳು ವರ್ಷ ಪೀಪಾಯಿಯಲ್ಲಿ. ಕತ್ತಿನ ಮೇಲೆ ಸಂಖ್ಯೆ ಇರುವ ಸರ್ಕಾರಿ ಸೀಲು ನೋಡಿಯೇ ತಗೊಳ್ಳಿ.

ನಾನಾದರೆ 20 ವರ್ಷದ ಟಾನಿ ತರುತ್ತೇನೆ. 40ರದ್ದಕ್ಕೆ ಕೊಡುವ ದುಡ್ಡು ಅಷ್ಟು ರುಚಿ ಕೊಡುವುದಿಲ್ಲ. ತೆರೆದ ಮೇಲೆ ಫ್ರಿಜ್‌ನಲ್ಲಿ ಒಂದು ತಿಂಗಳು ಚೆನ್ನಾಗಿರುತ್ತದೆ, ಮಾವ ಬಂದಾಗ ಒಂದಿಷ್ಟು, ಗೆಳೆಯರು ಬಂದಾಗ ಒಂದಿಷ್ಟು. ತಣ್ಣಗೆ ಕುಡಿಯಿರಿ. ಇಲ್ಲಿ ಎಲ್ಲರೂ ಬ್ಲೂ ಚೀಸ್ ಜೊತೆ ಅನ್ನುತ್ತಾರೆ. ನಾನು ಊರಿಂದ ಬಂದ ಧಾರವಾಡ ಪೇಡೆ ಜೊತೆ ಕೊಟ್ಟೆ, ಕಂದು ಬರುವ ತನಕ ಕಾಸಿದ ಹಾಲಿನ ರುಚಿ ಅದಕ್ಕೆ ಸರಿಯಾಗಿ ಕೂರುತ್ತದೆ. ಪೋರ್ಟೊದ ಗೆಳೆಯರು ಡಬ್ಬಿ ಖಾಲಿ ಮಾಡಿದರು.

ಹಳೇ_ಬಾಟಲಿ

ಪೇಡೆ ವಿಷಯದಲ್ಲಿ ಮಾತ್ರ ನಿಮ್ಮ ಪಕ್ಷ. ಆದರೂ ಕಾರವಾರದವರೇ, ಬ್ಯಾಗಿನಲ್ಲಿ ಒಂದು ಸಿಹಿ ಇಲ್ಲದ ಡೌರೊ ಕೆಂಪು ಕೂಡ ಇರಲಿ. ಹಳೆಯ ಕಲಸು ತೋಟದ್ದು ಸಿಕ್ಕರೆ ಬಿಡಬೇಡಿ, ಲೇಬಲ್ ಮೇಲೆ ‘ವಿನ್ಯಾಸ್ ವೆಲ್ಯಾಸ್’ ಅಂತ ಇರುತ್ತದೆ.

ಕಾರವಾರ_ಕಡಲು

ಇಬ್ಬರೂ ಹೇಳಿದ ಎರಡನ್ನೂ ತರುತ್ತೇವೆ. ಕಸ್ಟಮ್ಸ್‌ನಲ್ಲಿ ತಲೆಗೆ 2 ಲೀಟರ್ ತನಕ ಸುಂಕ ಇಲ್ಲ, ಇಬ್ಬರಿಗೆ ಸೇರಿ ಐದು ಬಾಟಲಿ ಆರಾಮಾಗಿ ಬರುತ್ತದೆ. ರೈಲು ಟಿಕೆಟ್ ಮೊದಲೇ ಬುಕ್ ಮಾಡಬೇಕಾ, ಅಲ್ಲೇ ಸಿಗುತ್ತಾ?

ಸಸ್ಯಾಹಾರಿ_ಸಂಚಾರಿ

ಅಲ್ಲೇ ಸಿಗುತ್ತದೆ. ಸೀಟಿಗೆ ಮಾತ್ರ ಬೇಗ ಹೋಗಿ, ಬಲಗಡೆ ಬೇಗ ತುಂಬುತ್ತದೆ.